ಸಿಲ್ವರ್ ಸೋವಿ ಐತ್ರಿ

ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಸಿಲ್ವರ್ ಎಂದರೆ ಅಲ್ಯೂಮಿನಿಯಂ. ಬೆಳ್ಳಿಗೆ ಬೆಳ್ಳಿ ಎಂದೇ ಹೆಸರು. ಅನ್ನದ ಬೋಗಾಣಿ, ಚಹಾದ ಡಬರಿ ಸಿಲ್ವರ್. ಕಾಲುಂಗುರ, ಕೂಸಿನ ಉಡದಾರ, ಇಷ್ಟಲಿಂಗದ ಕರಡಿಗೆ ಬೆಳ್ಳಿ. ಬೆಳ್ಳಿ ಹಬ್ಬಕ್ಕೆ 25 ವರ್ಷ ಕಾಯಬೇಕು, ಬೆಳ್ಳಿ ಚುಕ್ಕಿಗೆ ನಸುಕಿನಲ್ಲಿ ಏಳಬೇಕು. ಸಿಲ್ವರ್‌ಗೆ ಇಂಥ ಉಪಚಾರವಿಲ್ಲ. ಜರ್ಮನ್ ಸಿಲ್ವರ್ ಮೂರನೆಯದು: ತಾಮ್ರ, ನಿಕ್ಕಲ್, ಸತು ಸೇರಿದ ಅದರಲ್ಲಿ ಬೆಳ್ಳಿಯ ಸುಳಿವೇ ಇಲ್ಲ. ಇದೆಲ್ಲ ಶಾಲೆಯ ಮುಖ ನೋಡದವರಿಗೂ ಗೊತ್ತು. ತೊಡಕೇನಿದ್ದರೂ ಇಂಗ್ಲಿಷ್ ಕಲಿತವರದು.

ಅಂಥ ಗಿರಾಕಿ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿದರೆ ಅಂಗಡಿಯವರು, "ಸ್ಟೀಲ್ ಬೇಕೇನ್ರಿ, ಸಿಲ್ವರ್ ಬೇಕೇನ್ರಿ? ಸಿಲ್ವರ್ ಸೋವಿ ಐತ್ರಿ" ಎನ್ನುತ್ತಾರೆ. ಸ್ಟೀಲಿಗಿಂತ ಸೋವಿ! ಊರಿಗೆಲ್ಲ ತಿಳಿಯದ ಬೆಲೆ ತನಗೊಬ್ಬನಿಗೇ ತಿಳಿದಿದೆ ಎಂದು ಗಿರಾಕಿ ನಂಬುತ್ತಾನೆ. ಆಸೆ ಮುಖದಲ್ಲಿ ಕಾಣದಂತೆ ಹುಬ್ಬು ಗಂಟಿಕ್ಕಿ, ದನಿ ತಗ್ಗಿಸಿ, ತೊಲೆಗೆ ಎಷ್ಟು ಎಂದು ಕೇಳುತ್ತಾನೆ. "ತೊಲಿ ಎಲ್ಲೀದ್ರಿ, ಕೆ.ಜಿ. ಲೆಕ್ಕ." ಕಿವಿ ಬಿಸಿಯಾಗುತ್ತದೆ. ಶುದ್ಧವೇ ಎಂದರೆ, "ಈಗಷ್ಟೇ ಒರೆಸಿಟ್ಟೀನ್ರಿ!" ಹಾಲ್‌ಮಾರ್ಕ್ ಹುಡುಕಲು ಬೋಗಾಣಿಯನ್ನು ಬೋರಲು ಹಾಕುತ್ತಾನೆ; ತಳದಲ್ಲಿರುವುದು ಕಂಪನಿಯ ಮುದ್ರೆ. ಬೆರಳಲ್ಲಿ ಬಾರಿಸಿದರೆ ಡಬಡಬ. ಕೊನೆಗೆ ಎರಡೂ ಕೈಯಲ್ಲಿ ಬಲ ಹಾಕಿ ಎತ್ತುತ್ತಾನೆ. ಬೋಗಾಣಿ ಹಗುರಾಗಿ ಮೂಗಿಗೆ ಬಂದು ಬಡಿಯುತ್ತದೆ. ಘನ ಸೆಂಟಿಮೀಟರಿಗೆ ಬೆಳ್ಳಿಯ ತೂಕ 10.5 ಗ್ರಾಂ, ಅಲ್ಯೂಮಿನಿಯಂನದು 2.7 ಗ್ರಾಂ ಮಾತ್ರ.

ಹಾಗೆಂದು ಸಿಲ್ವರನ್ನು ಹೀಗಳೆಯುವಂತಿಲ್ಲ. 1886ರಲ್ಲಿ ಹಾಲ್ ಮತ್ತು ಎರೂ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ದಾರಿ ಕಂಡುಕೊಳ್ಳುವ ಮೊದಲು ಅದೂ ದುಬಾರಿ ಲೋಹವೇ. ಇಂದಿಗೂ ಅದು ಬೆಳ್ಳಿಯ ಸೇವೆಗೆ ಒದಗುತ್ತದೆ. ಕಪ್ಪಾದ ಬೆಳ್ಳಿಯನ್ನು ಮನೆಗಳಲ್ಲಿ ವಿಭೂತಿ ಹಚ್ಚಿ ತಿಕ್ಕುವುದು ರೂಢಿ. ಅದರ ಬದಲು ಸಿಲ್ವರ್ ಪಾತ್ರೆಯಲ್ಲಿ ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ, ತಳಕ್ಕೆ ತಾಗುವಂತೆ ಗೆಜ್ಜೆ ಇಟ್ಟರೂ ಆದೀತು. ಬೆಳ್ಳಿಗಂಟಿದ ಗಂಧಕ ಬಿಡುತ್ತದೆ, ಗೆಜ್ಜೆ ಬೆಳ್ಳಗಾಗುತ್ತದೆ, ಪಾತ್ರೆ ಮಂಕಾಗುತ್ತದೆ.

ದೇವದುರ್ಗ ತಾಲ್ಲೂಕಿನ ಊಟಿಯ ನೆಲದಲ್ಲಿ ಚಿನ್ನದ ಅದಿರಿದೆ. ಮಳೆ ಕೈಕೊಟ್ಟ ವರ್ಷ ಅದೇ ತಾಲ್ಲೂಕಿನವರು ಬೆಂಗಳೂರು, ಪುಣೆ ಕಡೆ ಗುಳೆ ಹೋಗುತ್ತಾರೆ. ಆಗ ಕಾಲ್ಗಡಗ ಒತ್ತೆ ಅಂಗಡಿಗೆ, ಬೋಗಾಣಿ ಬಸ್ಸಿಗೆ. ಒತ್ತೆ ಅಂಗಡಿಯಲ್ಲಿ ಮಾತ್ರ ಗೊಂದಲವಿಲ್ಲ: ಸಿಲ್ವರ್ ಮೇಲೆ ಅಲ್ಲಿ ಒಂದು ರೂಪಾಯಿ ಸಾಲವೂ ಹುಟ್ಟುವುದಿಲ್ಲ.