ಐದನೇ ಇಯತ್ತೆಯ ಮಗು: ಬಳಸುವ ಕ್ರಮ

ಅಭಿನಂದನೆಗಳು ಮಾಸ್ತರೇ, ಅಕ್ಕೋರೇ. ವರ್ಗಾವಣೆಯ ಆದೇಶದೊಂದಿಗೆ ನಿಮಗೆ ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡದ ಕಡೆಯ ಒಂದು ಸಣ್ಣ ಶಾಲೆ ಬಂದಿದೆ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಕ್ಕಳು ಇದನ್ನು ಓದಿಲ್ಲ ಎಂಬುದೂ ನೆನಪಿರಲಿ.

1. ಪೆಟ್ಟಿಗೆಯೊಳಗೆ ಏನೇನಿದೆ

ಎಣಿಸಿಕೊಳ್ಳಿ. ಮನೆಯಲ್ಲಿ ಕೊಂಕಣಿ ಆಡುವ ಕುಣಬಿ ಮಗು, ಮರಾಠಿ ಆಡುವ ಗೌಳಿ ಮಗು, ಸಿದ್ದಿ ಮಗು, ಉರ್ದು ಮನೆಮಾತಿನ ಮಗು. ಕನ್ನಡ ಮನೆಮಾತಿನದೂ ಒಂದೆರಡು ಇದ್ದೀತು. ಎಲ್ಲರಿಗೂ ಪಠ್ಯಪುಸ್ತಕ ಒಂದೇ. ಒಂದರಿಂದ ಐದರವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ತರಗತಿ ಐದು, ಶಿಕ್ಷಕರು ಇಬ್ಬರು. ಇದು ಅಚ್ಚಿನ ತಪ್ಪಲ್ಲ.

2. ಏಣಿಯನ್ನು ಅಟ್ಟಕ್ಕೆ ಹಾಕಬೇಡಿ

ಮೂರನೇ ತರಗತಿಯವರೆಗೆ ಈ ಮಗು ನಲಿ-ಕಲಿಯಲ್ಲಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿವ್ಯಾಲಿ ಶಾಲೆಗಳ ಮಾದರಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಅದು. ಕಾರ್ಡು, ‘ತಟ್ಟೆ’ ಎಂಬ ಗುಂಪು, ಗೋಡೆಯ ಮೇಲೆ ಕಲಿಕಾ ಏಣಿ. ತಿಂಗಳು ಶಾಲೆ ತಪ್ಪಿಸಿದ ಮಗುವೂ ಬಂದು, ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಿತ್ತು. ನಾಲ್ಕಕ್ಕೆ ಬಂದದ್ದೇ ಏಣಿ ಹೋಗಿ ಪುಸ್ತಕ ಬರುತ್ತದೆ. ಮಗು ಮಾತ್ರ ಬದಲಾಗಿರುವುದಿಲ್ಲ.

ಆದ್ದರಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮಗುವಿಗೊಂದು ಪುಟ. ಅದರಲ್ಲಿ ‘ಜಾಣ’, ‘ದಡ್ಡ’ ಎಂದು ಬರೆಯಬೇಡಿ. ‘ಭಾಗಾಕಾರ ಬರುತ್ತದೆ, ಶೇಷ ಉಳಿದರೆ ಗಾಬರಿ’ ಎಂದು ಬರೆಯಿರಿ.

3. ಜೋಡಿಸುವ ವಿಧಾನ

ಜೀವನ ಕೌಶಲಕ್ಕೆಂದು ಬೇರೆ ಪಿರಿಯಡ್ ಹುಡುಕಬೇಡಿ, ವೇಳಾಪಟ್ಟಿಯಲ್ಲಿ ಜಾಗವಿಲ್ಲ; ಪಾಠಕ್ಕೇ ಜೋಡಿಸಿ. ಭಿನ್ನರಾಶಿ ತಲೆಗೆ ಹತ್ತದ ಗೌಳಿ ಹುಡುಗನ ಮುಂದೆ ಹಲಗೆಯ ಮೇಲೆ ರೊಟ್ಟಿ ಬರೆದು ಕತ್ತರಿಸಬೇಡಿ. ಬೆಳಿಗ್ಗೆ ಎಷ್ಟು ಹಾಲು ಅಳೆದು ಕೊಟ್ಟೆ ಎಂದು ಕೇಳಿ. ಕಾಲು, ಅರ್ಧ, ಮುಕ್ಕಾಲು ಅವನ ಬಾಯಿಂದಲೇ ಬರುತ್ತದೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಂಗಡಿಗೆ ಓಡಾಡುವವಳಿಗೆ ಚಿಲ್ಲರೆ ಎಣಿಸಿ ಕಳೆಯುವ ಲೆಕ್ಕ ಗೊತ್ತು. ದಾಂಡೇಲಿಯ ಹುಡುಗ ಅಪ್ಪನ ಗಿರಣಿ ಪಾಳಿಯಲ್ಲೇ ಗಡಿಯಾರ ಕಲಿತಿರುತ್ತಾನೆ.

6ರಿಂದ 8ನೇ ತರಗತಿಯ ನಡುವೆ ಮಕ್ಕಳು ಎಂದಾದರೂ 10 ದಿನ ಚೀಲವಿಲ್ಲದೆ ಕಸುಬುದಾರರ ಬಳಿ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಐದನೆಯವರನ್ನು ಅಲ್ಲಿಯವರೆಗೆ ಕಾಯಿಸಬೇಕಿಲ್ಲ. ಕೌದಿ ಹೊಲಿಯುವ ಸಿದ್ದಿ ಅಜ್ಜಿ ಶಾಲೆಯ ಹಿಂದಿನ ಮನೆಯಲ್ಲೇ ಇರಬಹುದು. ಕರೆತಂದು ಜಗಲಿಯಲ್ಲಿ ಕೂರಿಸಿ. ತುಂಡು ಬಟ್ಟೆಯ ತ್ರಿಕೋನ, ಚೌಕಗಳನ್ನು ಆಕೆ ಅಳತೆಪಟ್ಟಿಯಿಲ್ಲದೆ ಹೊಂದಿಸುತ್ತಾಳೆ. ಮಕ್ಕಳು ಪಟ್ಟಿ ಹಿಡಿದು ಅಳೆಯಲಿ. ಜೋಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳವಾದಾಗ ಕುಣಬಿ ಮಗುವೇ ಆ ದಿನದ ಮಾಸ್ತರ. ನೀವು ಹಿಂದಿನ ಸಾಲಿನಲ್ಲಿ ಕೂತು ಗೆಡ್ಡೆಗಳ ಹೆಸರು ಬರೆದುಕೊಳ್ಳಿ.

4. ದೋಷ ಮತ್ತು ಪರಿಹಾರ

ದೋಷ: ಮಗು ಬಾಯಿ ಬಿಡುತ್ತಿಲ್ಲ.
ಪರಿಹಾರ: ಮಗುವಿನದಲ್ಲ, ನಿಮ್ಮ ಭಾಷೆ ಬದಲಿಸಿ ನೋಡಿ. ನಲಿ-ಕಲಿಯ ಹವಾಮಾನ ನಕ್ಷೆಯನ್ನು ಮತ್ತೆ ಗೋಡೆಗೆ ಹಚ್ಚಿ. ಮಳೆಗೆ ನಿಮ್ಮನೇಲಿ ಏನಂತಾರೆ? ಪಾವ್ಸ್, ಪಾವುಸ, ಬಾರಿಶ್. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆಸಿ.

ದೋಷ: ಇಬ್ಬರು ಜಗಳವಾಡಿದ್ದಾರೆ.
ಪರಿಹಾರ: ಇಬ್ಬರನ್ನೂ ಒಂದೇ ತಟ್ಟೆಗೆ ಕೂರಿಸಿ. ಒಬ್ಬನಿಗೆ ಬರುವ ಲೆಕ್ಕ ಇನ್ನೊಬ್ಬನಿಗೆ ಬಾರದಂತಿರಲಿ.

ದೋಷ: ಮಗು ಹನ್ನೊಂದಕ್ಕೆ ಬಂದಿದೆ, ಲಂಗ ಮಂಡಿಯವರೆಗೆ ಒದ್ದೆ.
ಪರಿಹಾರ: ಬಾಗಿಲಲ್ಲಿ ನಿಲ್ಲಿಸಬೇಡಿ. ಯಾಕೆ ತಡವಾಯಿತೆಂದು ಐದು ವಾಕ್ಯ ಬರೆಯಲು ಹೇಳಿ. ಹೀಗೆ ಬರೆದು ತರಬಹುದು:

‘ಹಳ್ಳ ತುಂಬಿತ್ತು. ಕಾದೆ. ನೀರು ಇಳಿಯಿತು. ಬಂದೆ.’

ನಾಲ್ಕೇ ಆಯಿತಲ್ಲ ಎಂದು ಕೆಂಪು ಪೆನ್ನು ತೆಗೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಜೀವನ ಕೌಶಲಗಳಲ್ಲಿ ನಿರ್ಧಾರ ತೆಗೆದುಕೊಳ್ಳುವುದೂ ಒಂದು. ದಂಡೆಯಲ್ಲಿ ಒಬ್ಬಳೇ ನಿಂತು ಆ ಪರೀಕ್ಷೆ ಮುಗಿಸಿಯೇ ಅವಳು ಬಂದಿದ್ದಾಳೆ. ನೋಟ್‌ಬುಕ್ಕಿನ ಅವಳ ಪುಟದಲ್ಲಿ ಅದನ್ನು ಗುರುತು ಮಾಡಿ, ಬಿಸಿಯೂಟದ ಒಲೆಯ ಹತ್ತಿರ ಕೂರಿಸಿ. ಐದನೇ ವಾಕ್ಯವನ್ನು ನಾಳೆ ಬರೆಸಿದರಾಯಿತು.