ಊದುಕುಲುಮೆಯವರ ಈರುಳ್ಳಿ ಬಳೆ

ಭದ್ರಾವತಿಯಲ್ಲಿ ದುಡಿದು ಶಿವಮೊಗ್ಗೆಯಲ್ಲಿ ಮನೆ ಕಟ್ಟಿಸಿದವರೆಂಬ ಒಂದು ವರ್ಗವುಂಟು. ಮಲೆನಾಡಿನ ಜೀವಪ್ರಭೇದಗಳನ್ನು ಪಟ್ಟಿಮಾಡಿದ ವಿದ್ವಾಂಸರು ಈ ಪ್ರಭೇದವನ್ನು ಗಮನಿಸಿದಂತಿಲ್ಲ. ಆದರೆ ವಿನೋಬನಗರದ ಯಾವ ಅಡ್ಡರಸ್ತೆಯಲ್ಲಿ ನಿಂತರೂ, ಇಸ್ತ್ರಿಮಾಡಿದ ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು, ಪಕ್ಕದ ಸೈಟಿನಲ್ಲಿ ಗಾರೆ ಕಲಸುವವನಿಗೆ ಸಿಮೆಂಟಿನ ಪ್ರಮಾಣದ ಕುರಿತು ಯಾರೂ ಕೇಳದ ಉಪದೇಶವನ್ನು ದಯಪಾಲಿಸುತ್ತಿರುವ ಹಿರಿಯರೊಬ್ಬರು ಕಣ್ಣಿಗೆ ಬೀಳದಿರುವುದಿಲ್ಲ. ಮೂವತ್ತು ಮೂವತ್ತೈದು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ಹಗಲುಪಾಳಿ ರಾತ್ರಿಪಾಳಿಗಳನ್ನು ಸವೆಸಿ, ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಬೆಳೆಸಿ, ಆ ಮಕ್ಕಳು ಬೆಂಗಳೂರಿಗೋ ಟೆಕ್ಸಾಸಿಗೋ ಹಾರಿಹೋದ ಮೇಲೆ ನಿವೃತ್ತಿಯ ಹಣದಲ್ಲಿ ಇಲ್ಲೊಂದು ಮನೆ ಕಟ್ಟಿಸಿ, ನಡೆಸುವುದಕ್ಕೆ ಯಂತ್ರವಾಗಲಿ ಗದರುವುದಕ್ಕೆ ಕೈಕೆಳಗಿನವರಾಗಲಿ ಇಲ್ಲದ ಶೂನ್ಯದಲ್ಲಿ ಕಾಲ ನೂಕುತ್ತಿದ್ದ ಈ ಮಹನೀಯರಿಗೆ, ಈಚಿನ ವರ್ಷಗಳಲ್ಲಿ ವಿಧಿಯು ಒಂದು ಕಪ್ಪು ಪೆಟ್ಟಿಗೆಯ ರೂಪದಲ್ಲಿ ಕೃಪೆದೋರಿದೆ. ಅದೇ ಏರ್ ಫ್ರೈಯರ್.

ತಂದುಕೊಟ್ಟವನು ಮಗ, ಉದ್ದೇಶ, ತಂದೆಯ ಕೊಲೆಸ್ಟರಾಲಿನ ನಿಗ್ರಹ. ಮಗನ ಎಣಿಕೆಯಲ್ಲಿ ಅದು ಅಡುಗೆಮನೆಯ ಸಾಮಾನು: ತಾಯಿ ಬಳಸತಕ್ಕದ್ದು, ತಂದೆ ತಿನ್ನತಕ್ಕದ್ದು. ಆದರೆ ಅದರ ಮೈಮೇಲೆ 1500 ವಾಟ್ ಎಂಬ ಬರಹವನ್ನೂ 200 ಡಿಗ್ರಿಯವರೆಗೆ ಏರುವ ಉಷ್ಣಮಾನದ ಅಂಕಿಗಳನ್ನೂ ಕಂಡ ಕ್ಷಣವೇ ನಮ್ಮ ಹಿರಿಯರು ಅದನ್ನು ಮಡದಿಯ ಅಧಿಕಾರವ್ಯಾಪ್ತಿಯಿಂದ ಬಿಡಿಸಿ, ಊಟದ ಮೇಜಿನ ತುದಿಯಲ್ಲಿ, ಹಿಂಬದಿಯ ಬಿಸಿಗಾಳಿ ಸರಾಗವಾಗಿ ಹೋಗಲೆಂದು ಗೋಡೆಯಿಂದ ಅರ್ಧ ಅಡಿ ಈಚೆಗೆ ಪ್ರತಿಷ್ಠಾಪಿಸಿ, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ನೋಡಿದರು. ಒಳಗಿರುವುದು ಕಾಯುವ ಒಂದು ಸುರುಳಿ, ಆ ಕಾವನ್ನು ರಭಸದಿಂದ ಸುತ್ತಿಸುವ ಒಂದು ಫ್ಯಾನು, ಕೆಳಗೊಂದು ಜಾಲರಿಯ ಬುಟ್ಟಿ, ಇಷ್ಟೇ. ಫಿಲಿಪ್ಸ್ ಕಂಪನಿಯವರು 2010ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಇದನ್ನು ಲೋಕಕ್ಕೆ ತೋರಿಸಿದರೆಂದು ಮಗ ಹೇಳಿದ್ದಕ್ಕೆ ಅವರು ಕನಿಕರದಿಂದ ನಕ್ಕರು. “ಬಿಸಿಗಾಳಿ ಊದಿ ಸರಕು ಬೇಯಿಸೋದನ್ನ ನಮಗೆ ಬರ್ಲಿನ್ನಿನವರು ಹೇಳಿಕೊಡಬೇಕೇನಯ್ಯಾ? ಭದ್ರಾವತಿಯಲ್ಲಿ 1923ರಿಂದ ಅದೇ ಕೆಲಸ ನಡೆದಿಲ್ವೆ?”

ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಯಾರೂ ಹೇಳಲಾರರು. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಮೈಸೂರು ಕಬ್ಬಿಣದ ಕಾರ್ಖಾನೆ ಭದ್ರೆಯ ದಡದಲ್ಲಿ ಕೆಲಸಕ್ಕೆ ತೊಡಗಿದಾಗ, ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡುಮರದ ಇದ್ದಿಲನ್ನೂ ಸುಣ್ಣಕಲ್ಲನ್ನೂ ಊದುಕುಲುಮೆಯ ಬಾಯಿಗೆ ಸುರಿದು, ಬುಡದಿಂದ ಬಿಸಿಗಾಳಿಯನ್ನು ನುಗ್ಗಿಸಿ ಕಬ್ಬಿಣವನ್ನು ಕರಗಿಸುತ್ತಿದ್ದರು. ಒಳಗಿನ ಕಾವು 1400 ಡಿಗ್ರಿಯನ್ನು ಮೀರುತ್ತಿತ್ತು. ಅಂತಹ ಪರಂಪರೆಯಲ್ಲಿ ಪಳಗಿದವರಿಗೆ 200 ಡಿಗ್ರಿಯೆಂದರೆ ಜ್ವರ ಬಂದಷ್ಟೂ ಅಲ್ಲ. ಆದರೂ ಒಂದು ಸರಕು ಬೇಕಲ್ಲ. ಮೊಮ್ಮಗಳು ವಿಡಿಯೊ ಕರೆಯಲ್ಲಿ ತನ್ನೂರಿನ ಹೋಟೆಲಿನಲ್ಲಿ ತಿಂದ ಆನಿಯನ್ ರಿಂಗ್ಸನ್ನು ವರ್ಣಿಸಿದಾಗ ಆ ಕೊರತೆಯೂ ನೀಗಿತು.

ಈ ವರ್ಗದವರೆಲ್ಲರೂ, ನಾನು ಬಲ್ಲಮಟ್ಟಿಗೆ, ಆರಂಭದಲ್ಲಿ ಮಾಡುವುದು ಒಂದೇ: ಮನೆಯಲ್ಲಿ ಅನಾದಿಯಿಂದ ಬಂದ ಬಜ್ಜಿಯ ಕಡಲೆಹಿಟ್ಟನ್ನು ನೀರಾಗಿ ಕಲಸಿ, ಈರುಳ್ಳಿಯ ಬಳೆಗಳನ್ನು ಅದರಲ್ಲಿ ಅದ್ದಿ ಜಾಲರಿಯ ಮೇಲೆ ಹರಡುವುದು. ಕಾದ ಎಣ್ಣೆಗೆ ಬಿದ್ದ ಹಿಟ್ಟು ಆ ಕ್ಷಣದಲ್ಲಿಯೇ ಗಟ್ಟಿಯಾಗುತ್ತದೆ. ಗಾಳಿಗೆ ಆ ಚುರುಕಿಲ್ಲ. ಆದುದರಿಂದ ಹಿಟ್ಟು ನಿಧಾನವಾಗಿ ಬಳೆಯನ್ನು ತ್ಯಜಿಸಿ, ಜಾಲರಿಯ ಕಿಂಡಿಗಳಲ್ಲಿ ಇಳಿದು, ತಳದಲ್ಲಿ ಹಂಚಿನಂತೆ ಹೆಪ್ಪುಗಟ್ಟಿ ಕೂರುತ್ತದೆ. ಬತ್ತಲೆ ಈರುಳ್ಳಿ ಮೇಲೆ, ಕವಚ ಕೆಳಗೆ. ಕುಲುಮೆಯ ತಳದಲ್ಲಿ ಕಬ್ಬಿಣ ಹೀಗೆಯೇ ಹೆಪ್ಪುಗಟ್ಟಿದರೆ ಅದನ್ನು ಸಾಲಮ್ಯಾಂಡರ್ ಎನ್ನುವುದು ಕಸುಬಿನ ರೂಢಿ. ನಮ್ಮ ಹಿರಿಯರು ಬುಟ್ಟಿಯನ್ನು ಹೊರಗೆಳೆದು ಬಗ್ಗಿ ನೋಡಿ, “ಸಾಲಮ್ಯಾಂಡರ್ ಕೂತಿದೆ” ಎಂದು ಗಂಭೀರವಾಗಿ ಘೋಷಿಸಿ, ದೋಸೆ ಮಗುಚುವ ಕೈಯನ್ನು ತರಿಸಿದರು. ಮನೆಯಾಕೆ ಹಲ್ಲಿಯೇನಾದರೂ ಬಿತ್ತೋ ಎಂದು ಹೌಹಾರಿ ಓಡಿಬಂದರು.

ಆಮೇಲೆ ಶೋಧನಪರ್ವ. ಇಲ್ಲಿ ಎರಡನೆಯ ಪಾತ್ರದ ಪ್ರವೇಶವಾಗಬೇಕು. ಏಕೆಂದರೆ ಭದ್ರಾವತಿಯು ಕಬ್ಬಿಣದವರಿಗೆ ಮಾತ್ರ ಜನ್ಮಕೊಟ್ಟ ಊರಲ್ಲ, ಅಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ನಡೆಯುತ್ತಿತ್ತು, ಪೇಪರ್ ಟೌನಿನಿಂದ ಬಂದು ಅದೇ ಬೀದಿಯಲ್ಲಿ ನೆಲಸಿದ ನಿವೃತ್ತರೂ ಉಂಟು. ಕಬ್ಬಿಣದವರು ಜಗತ್ತಿನ ಸಕಲ ವೈಫಲ್ಯಗಳಿಗೂ ಕಾವು ಸಾಲದಿರುವುದೇ ಕಾರಣವೆಂದು ನಂಬಿದವರು. ಕಾಗದದವರು ಸಕಲ ವೈಫಲ್ಯಗಳಿಗೂ ತೇವವೇ ಮೂಲವೆಂದು ಸಾಧಿಸುವವರು. ಒದ್ದೆ ತಿರುಳನ್ನು ಹಿಂಡಿ, ಉಗಿಯಿಂದ ಕಾದ ಉರುಳೆಗಳ ಮೇಲೆ ಹಾಯಿಸಿ ಒಣಗಿಸುವುದರಲ್ಲಿ ಆಯುಷ್ಯ ಕಳೆದವರು ಮತ್ತೇನು ಹೇಳಿಯಾರು? “ನೂರು ಗ್ರಾಂ ಈರುಳ್ಳಿಯಲ್ಲಿ ಎಂಬತ್ತೊಂಬತ್ತು ಗ್ರಾಂ ನೀರೇ ಇದೆ ಸ್ವಾಮೀ, ನೀವು ಬೇಯಿಸ್ತಾ ಇರೋದು ಕೆರೆಯನ್ನ!” ಈ ವಾಗ್ವಾದವು ಒಂದು ಆಷಾಢವಿಡೀ ನಡೆಯಿತು. ಹೊರಗೆ ಜಡಿಮಳೆ, ಒಳಗೆ ಉಷ್ಣವಾದಕ್ಕೂ ಶುಷ್ಕವಾದಕ್ಕೂ ಮಲ್ಲಯುದ್ಧ. ಮಧ್ಯೆ ವಿದ್ಯುತ್ತು ಹೋದಾಗಲೆಲ್ಲ, ಜೋಗದಲ್ಲಿ 1948ರಿಂದ ವಿದ್ಯುತ್ತಾಗುತ್ತಿರುವ ಶರಾವತಿ ನಮ್ಮ ಜಿಲ್ಲೆಯವಳೇ ಆಗಿಯೂ ಹೀಗೇಕೆಂದು ಇಬ್ಬರೂ ಒಕ್ಕೊರಲಿನಿಂದ ಶೋಕಿಸುತ್ತಿದ್ದರು. ಅವರ ಮತೈಕ್ಯಕ್ಕೆ ಅದೊಂದೇ ಅವಕಾಶ.

ಇಬ್ಬರ ವಾದದಿಂದ ಕೊನೆಗೆ ಸಿದ್ಧವಾದ ಕ್ರಮವು ನಿರ್ದುಷ್ಟವಾದುದೆಂದು ಒಪ್ಪಲೇಬೇಕು. ದೊಡ್ಡ ಗಾತ್ರದ ಈರುಳ್ಳಿಯನ್ನು ಅರ್ಧ ಅಂಗುಲ ದಪ್ಪಕ್ಕೆ ಅಡ್ಡಲಾಗಿ ಕೊಯ್ದು ಬಳೆಗಳನ್ನು ಬಿಡಿಸಿದರೆ, ಪ್ರತಿಯೊಂದು ಬಳೆಯ ಒಳಮೈಗೂ ಜಾರುವ ತೆಳ್ಳನೆಯ ಪೊರೆಯೊಂದು ಅಂಟಿರುತ್ತದೆ. ಅದನ್ನು ಉಗುರಿನ ತುದಿಯಿಂದ ಎಬ್ಬಿಸಿ ಸುಲಿದು ತೆಗೆಯದಿದ್ದರೆ ಯಾವ ಹಿಟ್ಟೂ ನಿಲ್ಲದು. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಹಿರಿಯರು ಈ ಪೊರೆಯನ್ನು ಹಿಡಿದೆಳೆಯುವ ಏಕಾಗ್ರತೆಯು ನೋಡತಕ್ಕದ್ದು. ಅನಂತರ ಬಟ್ಟೆಯಲ್ಲಿ ಒತ್ತಿ ತೇವ ತೆಗೆದು (ಇದು ಕಾಗದದವರ ವಿಜಯ), ಒಣ ಮೈದಾದಲ್ಲಿ ಹೊರಳಿಸಿ, ಮೈದಾ, ಕಾರ್ನ್‌ಫ್ಲೋರ್, ಉಪ್ಪು, ಅಚ್ಚಖಾರದಪುಡಿಗಳನ್ನು ಮಜ್ಜಿಗೆಯಲ್ಲಿ ಗಟ್ಟಿಯಾಗಿ ಕಲಸಿದ ಸರಿಯಲ್ಲಿ ಅದ್ದಿ, ಕೊನೆಗೆ ರಸ್ಕಿನ ತರಿಯಲ್ಲಿ ಒತ್ತಬೇಕು. ಯಂತ್ರವನ್ನು ಬರಿದಾಗಿಯೇ ಐದು ನಿಮಿಷ ಕಾಯಿಸಿ (ಇದು ಕಬ್ಬಿಣದವರದು), ಬಳೆಯ ಮೇಲೆ ಬಳೆ ಬೀಳದಂತೆ ಒಂದೇ ಸಾಲಾಗಿ ಜೋಡಿಸಿ, 200 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷವಿಟ್ಟು, ನಡುವೆ ಒಮ್ಮೆ ಮಗುಚಬೇಕು.

ಒಂದು ಸಂಗತಿಯನ್ನು ಮಾತ್ರ ಹಿರಿಯರು ಸಾರ್ವಜನಿಕವಾಗಿ ಹೇಳುವುದಿಲ್ಲ. ಎಣ್ಣೆಯನ್ನು ಸಂಪೂರ್ಣ ವರ್ಜಿಸಿದರೆ ತರಿಯು ಬಿಳಿಯ ಪುಡಿಯಾಗಿಯೇ ಉಳಿದು, ತಿಂದವರ ಅಂಗುಳಕ್ಕೆ ಸುಣ್ಣ ಬಳಿದಂತಾಗುತ್ತದೆ. ಹೊಂಬಣ್ಣವೂ ಗರಿಯೂ ಬರಬೇಕಾದರೆ ಎರಡು ಚಮಚ ಎಣ್ಣೆಯನ್ನು ತರಿಗೆ ಮೊದಲೇ ತಿಕ್ಕಿರಬೇಕು. ಬಾಗಿಲು ಓರೆಮಾಡಿ ನಡೆಯುವ ಈ ಕಾರ್ಯವನ್ನು ನಾನು ಕಂಡುಬಿಟ್ಟಾಗ ಅವರು ಕಿಂಚಿತ್ತೂ ವಿಚಲಿತರಾಗಲಿಲ್ಲ. “ಇದು ಎಣ್ಣೆ ಅಲ್ಲ, ಲೂಬ್ರಿಕೇಶನ್” ಎಂದರು.

ಶನಿವಾರ ನಾಲ್ಕು ಗಂಟೆಗೆ ಪಾಳಿ ಆರಂಭ. ಹಳೆಯ ಡೈರಿಯಲ್ಲಿ ಬುಟ್ಟಿಯ ಸಂಖ್ಯೆ, ಕಾವು, ನಿಮಿಷ, ಷರಾ. ಇಪ್ಪತ್ತು ನಿಮಿಷ ಓಡಿಸಿದರೆ ಅರ್ಧ ಯೂನಿಟ್ಟು ಖರ್ಚೆಂಬ ಲೆಕ್ಕ. ತಳದಲ್ಲಿ ಉದುರಿದ ಕರಿಚೂರಿಗೆ ‘ಕಿಟ್ಟ’ವೆಂಬ ನಾಮಕರಣ. ಉಳಿತಾಯವಾದ ಎಣ್ಣೆಯನ್ನೂ ಅವರು ಡೈರಿಗೆ ಜಮಾ ಮಾಡುತ್ತಾರೆ. ಆ ಜಮಾದ ಬಲದಿಂದ ಮತ್ತೊಂದು ತಟ್ಟೆಯನ್ನು ಧೈರ್ಯವಾಗಿ ಮುಗಿಸುತ್ತಾರೆ. ಸಂಜೆ ಗಾಂಧಿ ಪಾರ್ಕಿನತ್ತ ವಾಯುಸೇವನೆಗೆ ಹೊರಟವರು ದಾರಿಯ ಬಜ್ಜಿ ಗಾಡಿಯ ಬಳಿ ನಿಲ್ಲುವುದೂ ಉಂಟು. ಅದು ತೌಲನಿಕ ಅಧ್ಯಯನಕ್ಕಾಗಿ.

ಮನೆಯಾಕೆ ಈ ಮಹಾಯಜ್ಞವನ್ನು ವಿರೋಧಿಸುವವರಲ್ಲ. ಯಂತ್ರ ಕಾಯುವ ಐದು ನಿಮಿಷದೊಳಗೆ ಆಕೆ ಪುಟ್ಟ ಬಾಣಲೆಯಲ್ಲಿ ನೆಂಟರಿಗೆ ಸಾಕಾಗುವಷ್ಟು ಪಕೋಡವನ್ನು ಕರಿದಿಟ್ಟುಬಿಡುತ್ತಾರೆ; ಬಳೆ ಮಾಡುವಾಗ ಮಿಕ್ಕ ಈರುಳ್ಳಿಯ ಗರ್ಭಭಾಗವನ್ನು ಹುಳಿಗೆ ಸೇರಿಸುತ್ತಾರೆ. ಯಜಮಾನರು ಹೊರಗೆ ಹೋದಾಗ ಆ ಪೆಟ್ಟಿಗೆಯನ್ನು ಯಾವ ಡೈರಿಯ ಸಹಾಯವೂ ಇಲ್ಲದೆ ಚಾಲೂ ಮಾಡಿ, ಮಳೆಗಾಲದ ಥಂಡಿಗೆ ಮೆತ್ತಗಾದ ಚಕ್ಕುಲಿ ಕೋಡುಬಳೆಗಳನ್ನು ಮೂರು ನಿಮಿಷದಲ್ಲಿ ಮೊದಲಿನಂತೆ ಗರಿಗರಿಯಾಗಿಸಿ ಡಬ್ಬಿಗೆ ತುಂಬುತ್ತಾರೆ. ಮಲೆನಾಡಿನ ಗೃಹಕೃತ್ಯಕ್ಕೆ ಈ ಯಂತ್ರದಿಂದಾದ ನಿಜವಾದ ಉಪಕಾರ ಇದೇ ಎಂಬುದು ನನ್ನ ಅಭಿಪ್ರಾಯ. ಇದನ್ನು ಹಿರಿಯರ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಅವರು ಕರೆದರೆ ನೀವು ಅವಶ್ಯ ಹೋಗಿ. ಆದರೆ ನಾಲ್ಕಕ್ಕೆ ಕರೆದರೆ ನಾಲ್ಕೂವರೆಗೆ ಹೋಗುವುದು ಲೇಸು. ಮೊದಲ ಬುಟ್ಟಿಯನ್ನು ಸಾಮಾನ್ಯವಾಗಿ ಭಾಷಣದ ಭರದಲ್ಲಿ ಮಗುಚಲು ಮರೆತಿರುತ್ತಾರೆ. ಎರಡನೆಯ ಬುಟ್ಟಿಯ ಬಳೆಗಳನ್ನು ಹೊರತೆಗೆದ ಕೂಡಲೆ ತಿಂದುಬಿಡಿ, ಕುಲುಮೆಯ ಇತಿಹಾಸವನ್ನು ಆಮೇಲೆ ಕೇಳಿ. ಇತಿಹಾಸ ಎಷ್ಟು ಹೊತ್ತಾದರೂ ಬಿಸಿಯಾಗಿಯೇ ಇರುತ್ತದೆ. ಬಳೆಗಳು ಐದು ನಿಮಿಷಕ್ಕೆ ಮೆತ್ತಗಾಗುತ್ತವೆ.