21ನೇ ವಚನ

ಬೈಲಹೊಂಗಲ ಸೀಮೆಯ ಕ್ರೈಸ್ತ ಗಂಡಂದಿರಿಗೆ ಪೌಲನ ಎಫೆಸ ಪತ್ರದ 5ನೇ ಅಧ್ಯಾಯ, 22ನೇ ವಚನ ಬಾಯಿಪಾಠ: ಹೆಂಡತಿ ಗಂಡನಿಗೆ ತಗ್ಗಿ ನಡೀಬೇಕು. ಅದರ ಮೇಲಿನ 21ರಲ್ಲಿ ಒಬ್ಬರಿಗೊಬ್ಬರು ತಗ್ಗಬೇಕು ಅಂತೈತಿ. ಅದನ್ನ ಓದೋವಾಗ ಮಾತ್ರ ಚಷ್ಮಾ ಸಿಗೂದಿಲ್ಲ.

ಭಾನುವಾರ ಆರಾಧನೆಗೆ ಹೊರಟಾಗ ಹೆಂಡತಿ ಮೆಲ್ಲಗೆ, "ರೀ, ಅಂಗಿ ಗುಂಡಿ ಒಂದು ಮನಿ ತಪ್ಪೇತಿ" ಅಂತಾಳ. "ನಿನ್ನ ಕೇಳಿದ್ನೇನು?" ಅಂತಾನ ಈತ. ಗೀತೆ ಹಾಡಲು ಎದ್ದು ನಿಂತಾಗ ಇಡೀ ಸಭೆಗೆ ಕಾಣ್ತೈತಿ. ಪುಸ್ತಕದ ಮರೆಯೊಳಗ ಬೆರಳು ಗುಂಡಿ ಹುಡುಕ್ತಾವ.

ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆನೂ ಹಿಂಗ. ರಾಣಿ ಚೆನ್ನಮ್ಮನ ಮಾತು ಕೇಳಲಿಲ್ಲ, 1824ರ ಅಕ್ಟೋಬರಿನಾಗ ಕಿತ್ತೂರಲ್ಲಿ ಜೀವ ಬಿಟ್ಟ. (ಆಕೆಯದು ಹೆಂಡತಿಯ ಪ್ರೀತಿಯ ತಿದ್ದುಪಡಿ ಅಲ್ಲ, ಒಪ್ಪಿದೆ.) ಆಕೆಯ ಸಮಾಧಿ ಇರೋ ಊರಾಗಿದ್ದೂ ನಮ್ಮವರಿಗೆ ಬುದ್ಧಿ ಬ್ಯಾಡೇನು?

ಮುಂದಿನ ವಾರ ಈತ ಗುಂಡಿಯ ಗೊಡವೆನ ಬ್ಯಾಡಂತ ಟಿ-ಶರ್ಟ್ ಏರಿಸ್ಕೊಂಡು ಹೊಂಟ. ಉಲ್ಟಾ. ಆಕಿ ಈ ಸಲ ಸುಮ್ಮನಿದ್ದಳು.